ಕೆಮ್ಮುವ ಎಂಜಿನ್, ಮುಚ್ಚಳದ ತೂತು

ಮಕ್ಕಳೇ, ನಿಮ್ಮಲ್ಲಿ ಹಲವರ ಮನೆಯಲ್ಲಿ ಒಂದು ಸಣ್ಣ ಪೆಟ್ರೋಲ್ ಎಂಜಿನ್ ಇದ್ದೇ ಇರುತ್ತೆ. ಔಷಧಿ ಹೊಡೆಯೋ ಪಂಪಿನಲ್ಲೋ, ಹುಲ್ಲು ಕತ್ತರಿಸೋ ಯಂತ್ರದಲ್ಲೋ, ಬಾವಿಯಿಂದ ನೀರೆತ್ತೋ ಪಂಪ್‌ಸೆಟ್ಟಿನಲ್ಲೋ, ಇಲ್ಲವೇ ಸಾಲುಗಳ ನಡುವೆ ಕಳೆ ತೆಗೆಯೋ ಪವರ್ ವೀಡರಿನಲ್ಲೋ. ಹೊಸದಾಗಿದ್ದಾಗ ಹಗ್ಗ ಎಳೆದ ಕೂಡಲೇ ಶುರುವಾಗುತ್ತೆ. ಏಳೆಂಟು ವರ್ಷ ಆದ ಮೇಲೆ ಕೆಮ್ಮುತ್ತೆ, ಕುಂಟುತ್ತೆ, ಕೆಲಸದ ನಡುವೆ ನಿಂತುಬಿಡುತ್ತೆ. ಆಗ ಮನೆಯವರೆಲ್ಲ ಡಾಕ್ಟರಾಗ್ತಾರೆ. ಒಬ್ಬರು ಪ್ಲಗ್ ಅಂತಾರೆ, ಇನ್ನೊಬ್ಬರು ಪೆಟ್ರೋಲ್ ಕಲಬೆರಕೆ ಅಂತಾರೆ, ಮತ್ತೊಬ್ಬರು "ಮಾರಿಬಿಡಿ" ಅಂತಾರೆ.

ಇಂಥದ್ದೇ ಒಂದು ಎಂಜಿನ್ ನನ್ನನ್ನು ಎರಡು ದಿನ ಆಟ ಆಡಿಸಿತು. ನಾನು ವಿಜ್ಞಾನ ಪಾಠ ಮಾಡುವ ಮೇಷ್ಟ್ರು. ಆದರೆ ಅಲ್ಲಿ ಸರಿಯಾದ ಪ್ರಯೋಗ ಯಾವುದು ಅಂತ ಹೊಳೆದದ್ದು ಒಂಬತ್ತನೇ ತರಗತಿಯ ಹುಡುಗನ ಮಾತಿನಿಂದ.

ನನ್ನ ಅಕ್ಕನ ಮನೆ ಇರೋದು ತಮಿಳುನಾಡಿನ ಸೇಲಂ ಜಿಲ್ಲೆಯ ತಾರಮಂಗಲಂ ಹತ್ತಿರ. ಕೈಲಾಸನಾಥರ್ ದೇವಸ್ಥಾನದ ಕಲ್ಲಿನ ಕೆಲಸಕ್ಕೆ ಹೆಸರಾದ ಊರು ಅದು. ಸೇಲಂ ಜಿಲ್ಲೆಯಲ್ಲಿ ಕನ್ನಡ ಮನೆಮಾತಿನ ನೇಕಾರ ಕುಟುಂಬಗಳು ತಲೆಮಾರುಗಳಿಂದ ಇವೆ. ಅಕ್ಕನ ಮನೆಯೂ ಅಂಥದ್ದೇ. ಒಳಗೆ ಮಗ್ಗ, ಹೊರಗೆ ಒಂದಿಷ್ಟು ಹೊಲ. ಹೊಲದಲ್ಲಿ ಮರಗೆಣಸು. ನಾವು ಸಬ್ಬಕ್ಕಿ ಪಾಯಸ ಮಾಡ್ತೀವಲ್ಲ, ಆ ಸಬ್ಬಕ್ಕಿ ಆಗೋದು ಈ ಗೆಣಸಿನ ಹಿಟ್ಟಿನಿಂದ. ಸೇಲಂ ಅದರ ದೊಡ್ಡ ಕೇಂದ್ರ. ಅಲ್ಲಿ ಅದಕ್ಕೆ ಜವ್ವರಿಸಿ ಅಂತಾರೆ.

ಮರಗೆಣಸಿನ ಗಿಡ ಶುರುವಿನಲ್ಲಿ ಬಹಳ ನಿಧಾನ. ನೆಟ್ಟ ಮೊದಲ ಮೂರು ತಿಂಗಳಲ್ಲಿ ಕಳೆ ಅದನ್ನು ಮೀರಿ ಬೆಳೆದರೆ ಗೆಡ್ಡೆ ಸಣ್ಣದಾಗುತ್ತೆ. ಆಮೇಲೆ ಎಲೆ ಹರಡಿ ನೆಲಕ್ಕೆ ನೆರಳು ಬಿದ್ದರೆ ಕಳೆಯ ಆಟ ನಡೆಯೋದಿಲ್ಲ. (ಕಳೆ ಅನ್ನೋ ಮಾತು ತಮಿಳಿನಲ್ಲೂ ಹೆಚ್ಚುಕಡಿಮೆ ಅದೇ, ಕಳೈ. ಎರಡೂ ಭಾಷೆಯ ರೈತರಿಗೆ ಒಂದೇ ತಲೆನೋವು.) ನಾನು ರಜೆಗೆ ಹೋದಾಗ ಮಳೆ ಬಿದ್ದು ಹತ್ತು ದಿನವಾಗಿತ್ತು. ಕಳೆ ಮೊಣಕಾಲಿಗೆ ಬಂದಿತ್ತು. ಕೂಲಿಗೆ ಆಳು ಸಿಕ್ಕಿರಲಿಲ್ಲ. ಹಳೇ ವೀಡರ್ ಮಾತ್ರ ಹೊಲದ ನಡುವೆ ಹತ್ತು ನಿಮಿಷಕ್ಕೊಮ್ಮೆ ಸಾಯ್ತಾ ಇತ್ತು. ತೋರಿಸಿದ ಕಡೆ "ಕಾರ್ಬುರೇಟರ್ ಪೂರ್ತಿ ಬದಲಾಯಿಸಬೇಕು" ಅಂದಿದ್ದರಂತೆ. ಭಾವ ದುಡ್ಡು ಎಣಿಸ್ತಾ ಕೂತಿದ್ದರು.

ಮೊದಲು ಕಿವಿ

ಎಂಜಿನ್ ಬಿಚ್ಚೋ ಮುಂಚೆ ಅದರ ಒಳಗೆ ಏನು ನಡೆಯುತ್ತೆ ಅನ್ನೋದನ್ನ ಒಂದು ಸಲ ನೆನಪು ಮಾಡ್ಕೊಳ್ಳಿ. 1876ರಲ್ಲಿ ಜರ್ಮನಿಯ ನಿಕೋಲಸ್ ಆಟೋ ಓಡಿಸಿ ತೋರಿಸಿದ ನಾಲ್ಕು ಹೊಡೆತದ ಎಂಜಿನ್ನೇ ಇವತ್ತಿಗೂ ಈ ವೀಡರಿನಲ್ಲಿರೋದು. ಪಿಸ್ಟನ್ ಕೆಳಗಿಳಿದು ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣವನ್ನು ಒಳಗೆಳೆಯುತ್ತೆ. ಮೇಲೇರಿ ಅದನ್ನು ಅದುಮುತ್ತೆ. ಪ್ಲಗ್ ಕಿಡಿ ಹಾರಿಸುತ್ತೆ, ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಗೆ ತಳ್ಳುತ್ತೆ. ಕೊನೆಗೆ ಪಿಸ್ಟನ್ ಮತ್ತೆ ಮೇಲೇರಿ ಹೊಗೆಯನ್ನು ಹೊರಗೆ ದಬ್ಬುತ್ತೆ. ನಿಮಿಷಕ್ಕೆ 3600 ಸುತ್ತು ತಿರುಗೋ ಎಂಜಿನ್ನಿನಲ್ಲಿ ಇದಿಷ್ಟೂ ಸೆಕೆಂಡಿಗೆ 30 ಸಲ ಆಗುತ್ತೆ.

ಅಂದರೆ ಎಂಜಿನ್ನಿಗೆ ಬೇಕಾದ್ದು ಮೂರೇ: ಹದವಾದ ಮಿಶ್ರಣ, ಸೋರದ ಒತ್ತಡ, ಹೊತ್ತಿಗೆ ಸರಿಯಾಗಿ ಕಿಡಿ. ಕುಂಟೋ ಎಂಜಿನ್ನಿನಲ್ಲಿ ಈ ಮೂರರಲ್ಲಿ ಒಂದು ಕೆಟ್ಟಿರುತ್ತೆ. ಯಾವುದು ಅಂತ ಅದು ತಾನೇ ಹೇಳುತ್ತೆ, ಆದರೆ ಕೇಳಿಸ್ಕೊಳ್ಳಬೇಕು.

ಭಾವನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಮಗ್ಗದ ಮನೆಯಲ್ಲಿ ಹುಟ್ಟಿದವರ ಕಿವಿ ಅದು. ಪಕ್ಕದ ಮನೆಯ ಮಗ್ಗದಲ್ಲಿ ಲಾಳಿ ಸರಿಯಾಗಿ ಓಡದಿದ್ದರೆ ಇಲ್ಲಿ ಕೂತೇ ಹೇಳ್ತಾರೆ. ವೀಡರನ್ನು ಅಂಗಳದಲ್ಲಿ ಶುರು ಮಾಡಿದಾಗ ಅವರೇ ಅಂದದ್ದು: "ಮೇಷ್ಟ್ರೇ, ಇದು ಹೊಡೆತ ತಪ್ಪಿಸ್ತಿಲ್ಲ. ಉಯ್ಯಾಲೆ ಆಡ್ತಾ ಇದೆ." ನಿಜ. ಸದ್ದು ಏರೋದು, ಇಳಿಯೋದು, ಮತ್ತೆ ಏರೋದು. ಒಂದೇ ಲಯದಲ್ಲಿ.

ಈ ಎರಡರ ವ್ಯತ್ಯಾಸ ಬಹಳ ಮುಖ್ಯ. ಪ್ಲಗ್ ಕೆಟ್ಟು ಕಿಡಿ ತಪ್ಪಿದರೆ ಸದ್ದು ಅಡ್ಡಾದಿಡ್ಡಿಯಾಗಿ ಮುಗ್ಗರಿಸುತ್ತೆ, ಯಾವಾಗ ತಪ್ಪುತ್ತೆ ಅಂತ ಊಹಿಸೋಕಾಗಲ್ಲ. ಪೆಟ್ರೋಲ್ ಹೆಚ್ಚಾದರೆ ಸದ್ದು ಗೊಗ್ಗರಾಗಿ ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತೆ. ನೀಲಿ ಹೊಗೆ ಬಂದರೆ ಆಯಿಲ್ ಉರೀತಾ ಇದೆ ಅಂತ. ಲಯಬದ್ಧವಾಗಿ ಏರಿಳಿದರೆ ಬಹಳ ಸಲ ಪೆಟ್ರೋಲ್ ಕಡಿಮೆಯಾಗಿದೆ ಅಂತ ಅರ್ಥ.

ನಾನು ಮಾಡಿದ ತಪ್ಪು

ಇಷ್ಟು ಗೊತ್ತಿದ್ದೂ ನಾನು ಮೊದಲ ದಿನ ಮಾಡಿದ ಕೆಲಸ ಕೇಳಿ. ಪ್ಲಗ್ ಬಿಚ್ಚಿ ಉಜ್ಜಿದೆ. ಏರ್ ಫಿಲ್ಟರಿನ ಸ್ಪಂಜು ತೊಳೆದೆ. ಕಾರ್ಬುರೇಟರಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿದೆ. ಹಳೇ ಪೆಟ್ರೋಲ್ ಬಸಿದು ಹೊಸದು ತುಂಬಿದೆ. ಎಲ್ಲಾ ಒಂದೇ ಬೆಳಿಗ್ಗೆ! ಎಂಜಿನ್ ಸ್ವಲ್ಪ ಸುಧಾರಿಸಿದಂತೆ ಕಾಣಿಸಿತು. ಹೊಲಕ್ಕೆ ಹೋಯಿತು. ಮೊದಲಿನಂತೆ ಹತ್ತು ನಿಮಿಷವೂ ಅಲ್ಲ, ಮೂರೇ ನಿಮಿಷಕ್ಕೆ ನಿಂತಿತು.

ಈಗ ಹೇಳಿ, ಯಾವುದರಿಂದ ಸುಧಾರಿಸಿತು, ಯಾವುದರಿಂದ ಕೆಟ್ಟಿತು? ನಾಲ್ಕು ಒಟ್ಟಿಗೆ ಬದಲಿಸಿದ ಮೇಲೆ ದೇವರಿಗೂ ಗೊತ್ತಾಗಲ್ಲ. ಪ್ರಯೋಗಶಾಲೆಯಲ್ಲಿ "ಒಂದು ಸಲಕ್ಕೆ ಒಂದನ್ನೇ ಬದಲಿಸಿ" ಅಂತ ನಿಮಗೆ ಬೈಯೋ ನಾನೇ ಹೊಲದಲ್ಲಿ ಅದನ್ನು ಮರೆತಿದ್ದೆ.

ಭಾವ ಮಾತ್ರ ಶಾಂತವಾಗಿದ್ದರು. "ಬಿಸಿ ಆಗಿದೆ, ಚೂರು ರೆಸ್ಟ್ ಕೊಡಿ. ಕಾಲು ಗಂಟೆ ಬಿಟ್ಟರೆ ತಾನೇ ಓಡುತ್ತೆ." ಕಾಲು ಗಂಟೆ ಬಿಟ್ಟೆವು. ಓಡಿತು! ಮತ್ತೆ ನಿಂತಿತು. ಹಾಗಾದರೆ ಬಿಸಿಯೇ ಕಾರಣ ಅಂತ ಎಲ್ಲರೂ ತೀರ್ಮಾನ ಮಾಡಿದೆವು. ಮೂರೇ ನಿಮಿಷಕ್ಕೆ ನಿಂತದ್ದಕ್ಕೆ ಹೊಸ ಪೆಟ್ರೋಲ್ ಕಲಬೆರಕೆ ಅಂತ ಭಾವ ಬಂಕಿನವರನ್ನೂ ಸೇರಿಸಿ ಬೈದರು.

ಅಕ್ಕನ ಮಗ ಅಲ್ಲಿಯವರೆಗೂ ಸುಮ್ಮನಿದ್ದ. ಅವನು ಓದೋದು ತಮಿಳು ಮಾಧ್ಯಮದಲ್ಲಿ, ಮನೆಯಲ್ಲಿ ಕನ್ನಡ. ಎರಡನ್ನೂ ಬೆರೆಸಿ ಮಾತಾಡ್ತಾನೆ. "ಮಾಮಾ, ನಿಂತಾಗೆಲ್ಲ ಪೆಟ್ರೋಲ್ ಇದೆಯಾ ಅಂತ ಅಪ್ಪ ಮೂಡಿ ತೆಗೆದು ನೋಡ್ತಾರೆ. ಆಮೇಲೇನೇ ಅದು ಓಡೋದು." ಮೂಡಿ ಅಂದರೆ ತಮಿಳಿನಲ್ಲಿ ಮುಚ್ಚಳ.

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ.

ಎರಡು ಊಹೆ, ಒಂದು ಪ್ರಯೋಗ

ನೋಡಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ತೂತು ಇರುತ್ತೆ. ಪೆಟ್ರೋಲ್ ಕೆಳಗಿಳಿದಷ್ಟೂ ಆ ಜಾಗ ತುಂಬೋಕೆ ಹೊರಗಿನ ಗಾಳಿ ಅಲ್ಲಿಂದ ಒಳಗೆ ಬರಬೇಕು. ಅದು ಮುಚ್ಚಿಹೋದರೆ ಏನಾಗುತ್ತೆ? ಸ್ಟ್ರಾ ಒಂದನ್ನು ನೀರಿಗೆ ಅದ್ದಿ, ಮೇಲಿನ ಬಾಯಿಗೆ ಬೆರಳು ಒತ್ತಿ ಎತ್ತಿ. ನೀರು ಬೀಳಲ್ಲ. ಬೆರಳು ತೆಗೆದರೆ ಸುರಿಯುತ್ತೆ. ಟ್ಯಾಂಕೂ ಹಾಗೇ.

ಈಗ ನಮ್ಮ ಮುಂದೆ ಎರಡು ಊಹೆ. ಒಂದು: ಎಂಜಿನ್ ಬಿಸಿಯಾಗಿ ನಿಲ್ತಾ ಇದೆ. ಇನ್ನೊಂದು: ಮುಚ್ಚಳದ ತೂತು ಮಣ್ಣು ತುಂಬಿ ಕಟ್ಟಿದೆ. ರೆಸ್ಟ್ ಕೊಟ್ಟರೆ ಸರಿಹೋಗೋದು ಯಾವುದನ್ನು ಸಾಬೀತು ಮಾಡುತ್ತೆ? ಎರಡನ್ನೂ ಅಲ್ಲ! ಬಿಸಿಯಾಗಿದ್ದರೆ ಕಾಲು ಗಂಟೆಯಲ್ಲಿ ತಣ್ಣಗಾಗುತ್ತೆ. ತೂತು ಪೂರ್ತಿ ಕಟ್ಟದೆ ಮುಕ್ಕಾಲು ಕಟ್ಟಿದ್ದರೆ ಕಾಲು ಗಂಟೆಯಲ್ಲಿ ಗಾಳಿ ನಿಧಾನವಾಗಿ ಒಳಗೆ ನುಸುಳುತ್ತೆ. ಎರಡು ಊಹೆಯಲ್ಲೂ ಫಲ ಒಂದೇ. ಭಾವನ ರೆಸ್ಟ್ ಅಷ್ಟು ವರ್ಷ ಕೆಲಸ ಮಾಡಿದ್ದು ಅದಕ್ಕೇ. ಎರಡನ್ನೂ ಬೇರೆ ಮಾಡಬೇಕಾದರೆ ಎರಡೂ ಬೇರೆ ಬೇರೆ ಉತ್ತರ ಕೊಡೋ ಪ್ರಯೋಗ ಬೇಕು.

ಅದು ಸುಲಭ. ಎಂಜಿನ್ ನಿಂತ ಕೂಡಲೇ, ಕಾಯದೆ, ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸೋದು, ಮತ್ತೆ ಬಿಗಿಯೋದು, ಹಗ್ಗ ಎಳೆಯೋದು. ಎಂಜಿನ್ ಇನ್ನೂ ಬಿಸಿಯಾಗೇ ಇರುತ್ತೆ. ಬಿಸಿಯೇ ಕಾರಣವಾಗಿದ್ದರೆ ಓಡಬಾರದು. ತೂತು ಕಾರಣವಾಗಿದ್ದರೆ ಓಡಬೇಕು.

ಸಡಿಲಿಸಿದಾಗ "ಸುಯ್" ಅಂತ ಗಾಳಿ ಒಳಗೆಳೆದ ಸದ್ದು ಎಲ್ಲರಿಗೂ ಕೇಳಿಸಿತು. ಎರಡನೇ ಎಳೆತಕ್ಕೆ ಎಂಜಿನ್ ಓಡಿತು. ಇನ್ನೊಂದು ಸಲ ಮಾಡಿದೆವು, ಅದೇ ಫಲ. ಮೂರನೇ ಸಲ ಮುಚ್ಚಳ ಮುಟ್ಟದೆ ಎಳೆದೆವು, ಓಡಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಹಾರಿಸಿ ಓದಬೇಡಿ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಪೆಟ್ರೋಲ್ ಮುಚ್ಚಳಕ್ಕೆ ಕೈ ಹಾಕೋದು ಆಟವಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗಿ ದೂರದ ಬೆಂಕಿಯನ್ನೂ ಹುಡುಕುತ್ತೆ. ಈ ಪ್ರಯೋಗವನ್ನು ದೊಡ್ಡವರೇ ಮಾಡಬೇಕು, ಬಯಲಿನಲ್ಲಿ, ಎಂಜಿನ್ ನಿಂತಿರುವಾಗ, ಪೂರ್ತಿ ತೆಗೆಯದೆ ಸಡಿಲಿಸಿ ಮಾತ್ರ. ಹತ್ತಿರ ಬೀಡಿ ಸೇದುವವರಿದ್ದರೆ ಮೊದಲು ಅವರನ್ನು ಕಳಿಸಿ. ನೀವು ನೋಡಿ, ಕೇಳಿಸ್ಕೊಳ್ಳಿ, ಬರೆದಿಟ್ಟುಕೊಳ್ಳಿ.

ಲೆಕ್ಕ ಏನನ್ನುತ್ತೆ?

ಇಷ್ಟು ಸಣ್ಣ ತೂತು ಇಷ್ಟು ದೊಡ್ಡ ಕೆಲಸ ನಿಲ್ಲಿಸುತ್ತಾ ಅಂತ ಭಾವನಿಗೆ ನಂಬಿಕೆ ಬರಲಿಲ್ಲ. ರಾತ್ರಿ ಊಟ ಆದ ಮೇಲೆ ಹುಡುಗನೂ ನಾನೂ ಲೆಕ್ಕ ಹಾಕಿದೆವು. ನೀವೂ ಹಾಕಿ, ಬಾಯ್ಲ್ ನಿಯಮ ಗೊತ್ತಿದ್ದರೆ ಸಾಕು.

ಟ್ಯಾಂಕಿನಲ್ಲಿ ಪೆಟ್ರೋಲಿನ ಮೇಲೆ 1 ಲೀಟರ್, ಅಂದರೆ 1000 ಮಿಲಿಲೀಟರ್ ಗಾಳಿ ಇದೆ ಅಂತಿಟ್ಟುಕೊಳ್ಳಿ. ತೂತು ಪೂರ್ತಿ ಮುಚ್ಚಿದೆ. 10 ಮಿಲಿಲೀಟರ್ ಪೆಟ್ರೋಲ್ ಕೆಳಗಿಳಿದರೆ ಅದೇ ಗಾಳಿ 1010 ಮಿಲಿಲೀಟರಿಗೆ ಹಿಗ್ಗಬೇಕು. ಒತ್ತಡ ನೂರಕ್ಕೆ ಸುಮಾರು ಒಂದು ಭಾಗ ಇಳಿಯುತ್ತೆ. ವಾತಾವರಣದ ಪೂರ್ತಿ ಒತ್ತಡ ಸುಮಾರು 10 ಮೀಟರ್ ಎತ್ತರದ ನೀರನ್ನು ತಡೆದು ನಿಲ್ಲಿಸಬಲ್ಲದು. ಅದರ ನೂರನೇ ಒಂದು ಭಾಗ 10 ಸೆಂಟಿಮೀಟರ್ ನೀರನ್ನು ನಿಲ್ಲಿಸುತ್ತೆ. ಪೆಟ್ರೋಲ್ ನೀರಿಗಿಂತ ಹಗುರ, ಆದ್ದರಿಂದ 13-14 ಸೆಂಟಿಮೀಟರ್ ಪೆಟ್ರೋಲನ್ನು ನಿಲ್ಲಿಸುತ್ತೆ. ಟ್ಯಾಂಕಿನಿಂದ ಕಾರ್ಬುರೇಟರಿಗೆ ಎಷ್ಟು ಎತ್ತರ? ಅಳೆದೆವು, ಒಂದು ಗೇಣು. ಹಾಗಾದರೆ 15 ಮಿಲಿಲೀಟರ್, ಒಂದು ದೊಡ್ಡ ಚಮಚ ಪೆಟ್ರೋಲ್ ಇಳಿಯುವಷ್ಟರಲ್ಲಿ ಹರಿವು ನಿಲ್ಲಬೇಕು. (ಪೆಟ್ರೋಲ್ ಆವಿಯಾಗಿ ಸ್ವಲ್ಪ ಜಾಗ ತುಂಬುತ್ತೆ, ಆದ್ದರಿಂದ ನಿಜಕ್ಕೂ ಇನ್ನೂ ಸ್ವಲ್ಪ ಹೆಚ್ಚು ಬೇಕು. ಆದರೂ ಚಮಚದ ಲೆಕ್ಕವೇ.) ನಮ್ಮ ತೂತಿನಲ್ಲಿ ಸ್ವಲ್ಪ ಗಾಳಿ ನುಸುಳ್ತಾ ಇದ್ದದ್ದರಿಂದ ಹತ್ತು ನಿಮಿಷ ಓಡಿತು, ಅಷ್ಟೇ.

ಇನ್ನು ಆ ಮೂರು ನಿಮಿಷದ ಒಗಟು. ಟ್ಯಾಂಕ್ ತುಂಬಿಸಿದ ಮೇಲೆ ಪೆಟ್ರೋಲಿನ ಮೇಲಿರೋ ಗಾಳಿ 1000 ಅಲ್ಲ, 200 ಮಿಲಿಲೀಟರ್ ಅಂತಿಟ್ಟುಕೊಳ್ಳಿ. ಆಗ ಅದೇ ಒತ್ತಡ ಇಳಿಯೋಕೆ ಎಷ್ಟು ಪೆಟ್ರೋಲ್ ಇಳಿಯಬೇಕು? 15 ಅಲ್ಲ, 3 ಮಿಲಿಲೀಟರ್! ಟ್ಯಾಂಕ್ ತುಂಬಿದಷ್ಟೂ ಎಂಜಿನ್ ಬೇಗ ಸಾಯುತ್ತೆ. ಬಂಕಿನವರ ತಪ್ಪೇನೂ ಇರಲಿಲ್ಲ. ಬೆಳಿಗ್ಗೆ ಲೆಕ್ಕದ ಹಾಳೆ ತೋರಿಸಿದಾಗ ಭಾವ ಬಹಳ ಹೊತ್ತು ನೋಡಿ, "ಹಾಗಾದ್ರೆ ಪಾಪ ಅವನನ್ನ ಸುಮ್ನೆ ಬೈದೆ" ಅಂದರು. ಎಂಜಿನ್ ಅಂಗಳದಲ್ಲಿ ನಿಲ್ಲದೆ ಹೊಲದಲ್ಲೇ ನಿಲ್ಲುತ್ತಿದ್ದದ್ದೂ ಇದರಿಂದಲೇ. ಸುಮ್ಮನೆ ಓಡುವಾಗ ಪೆಟ್ರೋಲ್ ಕಡಿಮೆ ಸಾಕು, ನುಸುಳೋ ಗಾಳಿ ಸರಿದೂಗಿಸುತ್ತೆ. ಮಣ್ಣು ಅಗೆಯೋವಾಗ ಸಾಲೋದಿಲ್ಲ.

ಮುಚ್ಚಳವನ್ನು ಸೋಪಿನ ನೀರಲ್ಲಿ ನೆನೆಹಾಕಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಒಣಗಿಸಿ ಹಾಕಿದೆವು. ಎಂಜಿನ್ ನಿಲ್ಲೋದು ನಿಂತಿತು. ಖರ್ಚು ಏನೂ ಇಲ್ಲ.

ಉಯ್ಯಾಲೆ ಮಾತ್ರ ಉಳಿಯಿತು

ಆದರೆ ಅಂಗಳದಲ್ಲಿ ಆ ಏರಿಳಿತ ಹಾಗೇ ಇತ್ತು. ಒಂದು ಎಂಜಿನ್ನಿನಲ್ಲಿ ಎರಡು ರೋಗ ಇರಬಹುದು ಅನ್ನೋದು ಮರೆತರೆ ಇಂಥಲ್ಲಿ ಬುದ್ಧಿ ಕೆಡುತ್ತೆ. ಮೊದಲನೆಯದು ವಾಸಿಯಾದ ಮೇಲೂ ಸದ್ದು ಸರಿಹೋಗಲಿಲ್ಲ ಅಂತ ಮೊದಲ ಉತ್ತರವನ್ನೇ ಬಿಟ್ಟುಬಿಡ್ತೀವಿ.

ಈ ಸಲ ಒಂದೇ ಒಂದು ಬದಲಿಸಿದೆವು. ಎಂಜಿನ್ ಓಡ್ತಾ ಇರುವಾಗ ಚೋಕ್ ಅರ್ಧ ಎಳೆದೆವು. ಚೋಕ್ ಅಂದರೆ ಗಾಳಿಯ ದಾರಿಗೆ ಅಡ್ಡ ಹಾಕೋ ತಗಡು. ಗಾಳಿ ಕಡಿಮೆಯಾಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತೆ. ಅರ್ಧ ಚೋಕಿಗೆ ಉಯ್ಯಾಲೆ ನಿಂತು ಸದ್ದು ಸಮವಾಯಿತು. ಬಿಟ್ಟರೆ ಮತ್ತೆ ಶುರು. ಅಂದರೆ ಪೆಟ್ರೋಲ್ ಸಾಲ್ತಾ ಇಲ್ಲ.

ಕಡಿಮೆಯಾದರೆ ಸುಮ್ಮನೆ ನಿಧಾನವಾಗಬೇಕಲ್ಲ, ಉಯ್ಯಾಲೆ ಯಾಕೆ? ಅದಕ್ಕೆ ಕಾರಣ ಗವರ್ನರ್. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿ ಎಂಜಿನ್ನಿಗೆ ತಿರುಗೋ ಗುಂಡುಗಳ ಗವರ್ನರ್ ಜೋಡಿಸಿದ. ಅದರ ಮರಿ ನಿಮ್ಮ ವೀಡರಿನ ಒಳಗೂ ಇದೆ. ವೇಗ ಇಳಿದರೆ ಅದು ದಾರಿ ತೆರೆಯುತ್ತೆ, ಏರಿದರೆ ಮುಚ್ಚುತ್ತೆ. ತೆಳು ಮಿಶ್ರಣದಿಂದ ವೇಗ ಇಳಿಯಿತು, ಗವರ್ನರ್ ತೆರೆಯಿತು, ದೊಡ್ಡ ಜೆಟ್ಟಿನಿಂದ ಪೆಟ್ರೋಲ್ ಬಂದು ವೇಗ ಏರಿತು, ಗವರ್ನರ್ ಮುಚ್ಚಿತು, ಮತ್ತೆ ತೆಳು ಮಿಶ್ರಣ. ಗವರ್ನರ್ ಕೆಟ್ಟಿಲ್ಲ. ಪಾಪ, ತನ್ನ ಕೆಲಸ ನಿಷ್ಠೆಯಿಂದ ಮಾಡ್ತಾ ಇದೆ. ಇದನ್ನು ತಿಳಿಯದೆ ಅದರ ಸ್ಪ್ರಿಂಗ್ ಬಗ್ಗಿಸೋಕೆ ಹೋಗ್ತಾರೆ ಕೆಲವರು. ಹಾಗೆ ಮಾಡಿದರೆ ಎಂಜಿನ್ ಮಿತಿಮೀರಿ ಓಡಿ ಒಡೆದೇ ಹೋಗಬಹುದು.

ಕಡಿಮೆ ಪೆಟ್ರೋಲ್ ಬಿಡೋ ಸಣ್ಣ ಜೆಟ್ಟಿನ ತೂತು ಒಂದು ಮಿಲಿಮೀಟರಿನ ಅರ್ಧಕ್ಕಿಂತಲೂ ಚಿಕ್ಕದು. ವೀಡರ್ ವರ್ಷದಲ್ಲಿ ಕೆಲವೇ ವಾರ ಓಡುತ್ತೆ, ಉಳಿದ ಕಾಲ ಮೂಲೆಯಲ್ಲಿ. ಒಳಗುಳಿದ ಪೆಟ್ರೋಲಿನ ಹಗುರ ಭಾಗ ಆರಿ, ಅಂಟು ಉಳಿದು ಆ ತೂತನ್ನು ಕಟ್ಟುತ್ತೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೂ ಎಥನಾಲ್ ಇರುತ್ತೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತೆ. ನೀರು ಹೆಚ್ಚಾದರೆ ಎಥನಾಲೂ ನೀರೂ ಸೇರಿ ಬೇರೆಯಾಗಿ ತಳದಲ್ಲಿ ನಿಲ್ಲುತ್ತೆ. ಇನ್ನೊಂದು ವಿಷಯ: 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕಿಲೋ ಗಾಳಿ ಬೇಕು, 1 ಕಿಲೋ ಎಥನಾಲಿಗೆ 9 ಕಿಲೋ ಸಾಕು. ಹಾಗಾಗಿ ಬರೀ ಪೆಟ್ರೋಲಿಗೆ ಅಂತ ಹದ ಮಾಡಿದ ಹಳೇ ಕಾರ್ಬುರೇಟರಿಗೆ ಎಥನಾಲ್ ಬೆರೆಸಿದ್ದು ಹಾಕಿದರೆ ಮಿಶ್ರಣ ಮೊದಲೇ ಸ್ವಲ್ಪ ತೆಳುವಾಗಿರುತ್ತೆ. ಅದರ ಮೇಲೆ ಜೆಟ್ ಕಟ್ಟಿದರೆ ಕೇಳಬೇಕೇ?

ಕಾರ್ಬುರೇಟರಿನ ಕೆಳಗಿನ ಬಟ್ಟಲನ್ನು ಭಾವ ಬಿಚ್ಚಿದರು. ತಳದಲ್ಲಿ ಪೆಟ್ರೋಲಿನ ಜೊತೆ ಸೇರದ ಹನಿಗಳು ಮಣಿಗಳ ಹಾಗೆ ಉರುಳ್ತಾ ಇದ್ದವು. ಜೆಟ್ ತೆಗೆದು ಆಕಾಶಕ್ಕೆ ಹಿಡಿದು ನೋಡಿದರೆ ಬೆಳಕು ಕಾಣಲಿಲ್ಲ. ನಾನು ಸೂಜಿ ತರೋಕೆ ಎದ್ದೆ, ಭಾವ ಕೂರಿಸಿದರು. ಜೆಟ್ ಹಿತ್ತಾಳೆ, ಸೂಜಿ ಉಕ್ಕು. ಒಂದು ಸಲ ಗೀರಿದರೂ ತೂತು ದೊಡ್ಡದಾಗಿ ಹದ ಶಾಶ್ವತವಾಗಿ ಕೆಡುತ್ತೆ. ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿ, ನೈಲಾನ್ ಬ್ರಷ್ಷಿನ ಒಂದೇ ಒಂದು ಎಳೆ ತೂರಿಸಿ, ಗಾಳಿ ಹೊಡೆದರು. ರೇಷ್ಮೆ ಎಳೆ ಕಟ್ಟೋ ಬೆರಳುಗಳು, ನನಗಿಂತ ಹತ್ತು ಪಟ್ಟು ನಾಜೂಕು. ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕೆ ಕಾಣಿಸಿತು.

ನಾನು ಹಿಂದಿನ ದಿನ ತಿರುಗಿಸಿದ್ದ ಸ್ಕ್ರೂ ಅರ್ಧ ಸುತ್ತು ವಾಪಸ್ ತಿರುಗಿಸಿದೆ. ಎಷ್ಟು ತಿರುಗಿಸಿದ್ದೆ ಅನ್ನೋದು ನೆನಪಿದ್ದದ್ದು ಪುಣ್ಯ. ನೀವು ಸೀಮೆಸುಣ್ಣದ ಗುರುತು ಹಾಕಿ.

ಚೋಕ್ ಇಲ್ಲದೆ ಎಂಜಿನ್ ಸಮವಾಗಿ ಓಡಿತು. ಭಾವ ಕಣ್ಣುಮುಚ್ಚಿ ಕೇಳಿ ತಲೆಯಾಡಿಸಿದ ಮೇಲೆಯೇ ನಾನು ನಂಬಿದ್ದು. ಸಂಜೆಯೊಳಗೆ ಹೊಲದ ಅರ್ಧ ಮುಗಿಯಿತು. ಉಳಿದರ್ಧ ಮಾರನೇ ದಿನ.

ಈಗ ಹುಡುಗ ಹಂಗಾಮು ಮುಗಿದ ಮೇಲೆ ಒಂದು ಕೆಲಸ ತಪ್ಪದೆ ಮಾಡಿಸ್ತಾನಂತೆ. ಅಪ್ಪನಿಂದ ಟ್ಯಾಂಕ್ ಬಸಿಸಿ, ಪೆಟ್ರೋಲ್ ನಲ್ಲಿ ಮುಚ್ಚಿಸಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನೇ ನಿಲ್ಲೋವರೆಗೆ ಓಡಿಸಿ, ಆಮೇಲೆ ಗೋಣಿ ಹೊದಿಸೋದು. ಮುಚ್ಚಳದ ತೂತಿಗೆ ಬಾಯಿಟ್ಟು ಊದಿ ನೋಡಬೇಡ, ಪಂಪಿನಿಂದ ನೋಡು ಅಂತ ಮಾತ್ರ ನಾನು ಫೋನಿನಲ್ಲಿ ಹೇಳಿದೆ. ಪೆಟ್ರೋಲ್ ರುಚಿ ಅವನಿಗೆ ಆಗಲೇ ಗೊತ್ತಾಗಿತ್ತು ಅನ್ನೋದು ನಗುವಿನಿಂದಲೇ ತಿಳಿಯಿತು.